ಮರದಡಿಯ ಮದುವೆ

ಇಪ್ಸ್‌ವಿಚ್, ಮ್ಯಾಸಚೂಸೆಟ್ಸ್
ಜನವರಿ 11, 1773

ಫಿಬಾ,

ಈ ಕಾಗದವನ್ನು ಒಲೆಗೆ ಹಾಕುವ ಮೊದಲು ಒಂದು ಸಲ ಓದು. ಆಮೇಲೆ ಬೇಕಾದರೆ ಹಾಕು, ನಾನೇನೂ ಅಂದುಕೊಳ್ಳುವುದಿಲ್ಲ. ಏಳು ವರ್ಷ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಮ್ಮಿಬ್ಬರನ್ನೂ ಕೂರಿಸಿಕೊಂಡು ಅಕ್ಷರ ಕಲಿಸಿದ ಹ್ಯಾಲಕ್ ಮನೆಯ ಅಮ್ಮಾವ್ರು ಇದನ್ನು ಕಂಡಿದ್ದರೆ ಶ್ರಮವೆಲ್ಲ ದಂಡವಾಯಿತು ಅನ್ನುತ್ತಿದ್ದರೇನೋ.

ನಿನ್ನ ಸುದ್ದಿಯೆಲ್ಲ ಕ್ವಾಶಿ ಹೇಳಿದ. ಅವನೀಗ ಸೌದೆ ಸಾಗಿಸುವ ಹಡಗಿನಲ್ಲಿ ಅಡುಗೆಯವನು, ನ್ಯೂಪೋರ್ಟಿಗೂ ಇಲ್ಲಿಗೂ ಓಡಾಡುತ್ತಿರುತ್ತಾನೆ. ಅಮ್ಮಾವ್ರು ಸಾಯುವಾಗ ನಿನಗೆ ಜೀತದಿಂದ ಬಿಡುಗಡೆ ಬರೆದಿಟ್ಟರಂತೆ. ಅವ್ವನಿಗೆ ಇನ್ನು ಕೈಲಾಗುವುದಿಲ್ಲ ಅಂತ ಗೊತ್ತಾದ ಮೇಲೆ ದೊಡ್ಡ ಮನಸ್ಸು ಮಾಡಿ ಅವಳನ್ನೂ ಬಿಟ್ಟರಂತೆ. ಬಂದರಿನ ಹತ್ತಿರ ಒಂದು ಕೋಣೆ ಹಿಡಿದು ಶುಂಠಿ ಬಿಲ್ಲೆ ಸುಟ್ಟು ಮಾರುತ್ತೀಯಂತೆ. ಅವನು ಒಂದು ತಂದುಕೊಟ್ಟ. ಉಪ್ಪುಗಾಳಿಗೆ ಮೆತ್ತಗಾಗಿತ್ತು. ಬಾಯಿಗೆ ಹಾಕಿಕೊಂಡ ಕೂಡಲೇ ನಮ್ಮ ಆ ಅಡುಗೆಮನೆ, ಅವ್ವ ಕಬ್ಬಿನ ಕಾಕಂಬಿ ಕಾಯಿಸುತ್ತಿದ್ದದ್ದು, ಸೌಟು ನೆಕ್ಕುವುದಕ್ಕೆ ನಾವಿಬ್ಬರೂ ಕಿತ್ತಾಡುತ್ತಿದ್ದದ್ದು ಎಲ್ಲ ನೆನಪಾಗಿ ಅಳು ಬಂತು. ಕಾಕಂಬಿ ಒಂದು ಚೂರು ಹೆಚ್ಚಾಗಿದೆ, ಅದು ಬೇರೆ ಮಾತು.

ವಿಷಯಕ್ಕೆ ಬರುತ್ತೇನೆ. ಈ ವಸಂತದಲ್ಲಿ ಮಿಂಬಾಳನ್ನು ಕಳಿಸಿಬಿಡುತ್ತಾರೆ. ಹ್ಯಾಲಕ್ ಮನೆಯ ಮಗಳು ಮದುವೆಯಾಗಿ ಇಲ್ಲಿಗೆ ಬಂದಾಗ ಬಳುವಳಿಯಾಗಿ ನನ್ನನ್ನು ತಂದಳಲ್ಲ, ಹಾಗೆಯೇ ಈಗ ಅವಳ ನಾದಿನಿಯ ಮದುವೆಗೆ ನನ್ನ ಮಗಳನ್ನು ಬಳುವಳಿ ಕೊಡುತ್ತಾರೆ. ಊರು ಎಲ್ಲಿ ಅಂತ ಕೇಳಿದರೆ ಉತ್ತರದ ಕಡೆ ಅನ್ನುತ್ತಾರೆ. ಮಿಂಬಾಗೆ ಒಂಬತ್ತು ವರ್ಷ. ನಿಮ್ಮಣ್ಣ ಕ್ವಾಕುವಿನದೇ ಹಣೆ, ಅಪ್ಪನದೇ ಹಟ.

ಅದಕ್ಕೇ ಕೋರ್ಟಿಗೆ ಹೋಗಿದ್ದೇನೆ. ನನ್ನ ಹೆತ್ತವ್ವ ಯಾರೆಂದು ನಿನಗೆ ಗೊತ್ತಿದೆ. ಈ ನೆಲದ ನ್ಯಾರಗ್ಯಾನ್ಸೆಟ್ ಬುಡಕಟ್ಟಿನವಳು, ಯಾರ ಆಳೂ ಅಲ್ಲ, ಹ್ಯಾಲಕ್ ಮನೆಗೆ ಬುಟ್ಟಿ ಮಾರಲು ಬಂದವಳು ಕುದುರೆ ಲಾಯದಲ್ಲಿದ್ದ ನನ್ನಪ್ಪನನ್ನು ಕಂಡು ಅಲ್ಲೇ ಕೂಲಿಗೆ ನಿಂತಳು. ತಾಯಿ ಸ್ವತಂತ್ರಳಾದರೆ ಮಕ್ಕಳೂ ಸ್ವತಂತ್ರರು, ಇದು ಬಿಳಿಯರದೇ ಕಾನೂನು. ಅವಳು ಸತ್ತಾಗ ನಾನು ಹಾಲು ಕುಡಿಯುವ ಕೂಸು, ನಿಮ್ಮವ್ವನೇ ನನಗೂ ಅವ್ವನಾಗಿ ಸಾಕಿದಳು. ಅಡುಗೆಮನೆಯಲ್ಲಿದ್ದ ಪಾತ್ರೆಗಳ ಜೊತೆ ನನ್ನನ್ನೂ ಮನೆಯದು ಅಂದುಕೊಂಡರು, ಕೇಳುವವರು ಯಾರೂ ಇರಲಿಲ್ಲ. ಈಗ ಅವಳ ಇಬ್ಬರು ಅಕ್ಕಂದಿರು ಬಂದು ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದಾರೆ. ಅಲ್ಲಿಗೆ ಎಲ್ಲ ಸರಿಯಾಗಿತ್ತು. ನಾನು ಗೆದ್ದರೆ ಮಿಂಬಾಳೂ ಗೆದ್ದ ಹಾಗೆ.

ಆದರೆ ಯಜಮಾನನ ವಕೀಲ ಒಂದು ಕೊಕ್ಕೆ ಹಾಕಿದ. ಇವಳಿಗೆ ಮದುವೆಯಾಗಿದೆ, ಗಂಡನಿರುವ ಹೆಂಗಸು ಗಂಡನ ಹೆಸರಿಲ್ಲದೆ ಒಬ್ಬಳೇ ದಾವೆ ಹಾಕುವ ಹಾಗಿಲ್ಲ, ಗಂಡನನ್ನು ಕರೆದುಕೊಂಡು ಬರಲಿ, ಇಲ್ಲದಿದ್ದರೆ ದಾವೆ ವಜಾ ಮಾಡಿ ಅಂದ. ಕರೆದುಕೊಂಡು ಬರಬೇಕಂತೆ, ಫಿಬಾ. ಸಮುದ್ರದಾಚೆಯ ಸಕ್ಕರೆ ದ್ವೀಪಕ್ಕೆ ಮಾರಿಬಿಟ್ಟ ಗಂಡನನ್ನು.

ನನ್ನ ಕಡೆಯ ವಕೀಲ ಇನ್ನೂ ಎಳೆಯ ಹುಡುಗ, ಒಳ್ಳೆಯವನು. ಅವನು ಹೇಳುವುದು ಇಷ್ಟು: ಕ್ವಾಕುವಿನ ಮನೆಯವರು ಯಾರಾದರೂ ನ್ಯೂಪೋರ್ಟಿನ ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ, ಅವರಿಬ್ಬರಿಗೂ ಮದುವೆ ಆಗಿರಲಿಲ್ಲ ಅಂತ ಹೇಳಿಕೆ ಕೊಟ್ಟರೆ ಸಾಕು. ಮನೆಯವರು ಅಂದರೆ ನೀನು ಮತ್ತು ಅವ್ವ.

ಕೇಳಬಾರದ್ದನ್ನು ಕೇಳುತ್ತಿದ್ದೇನೆ ಅಂತ ಗೊತ್ತು. ಕೇಳದೆ ಇರುವುದಕ್ಕೆ ಆಗಲಿಲ್ಲ.

ಬೆನೆಬಾ


ನ್ಯೂಪೋರ್ಟ್
ಫೆಬ್ರವರಿ 6, 1773

ಬೆನೆಬಾ,

ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ. ಹಾಕಬೇಕಿತ್ತು. ಎರಡು ಸಲ ಓದಿದೆ, ಅಷ್ಟರಲ್ಲಿ ಒಂದು ತಟ್ಟೆ ಬಿಲ್ಲೆ ಸೀದುಹೋಯಿತು. ಕಾಕಂಬಿ ಹೆಚ್ಚಾಯಿತು ಅನ್ನುವವಳು ಸುಮ್ಮನೆ ತಿನ್ನುವುದನ್ನು ಕಲಿ.

ಮದುವೆ ಆಗಿರಲಿಲ್ಲ ಅಂತ ನಾನು ಹೇಳಬೇಕು. ಚೆನ್ನಾಗಿದೆ. ಹಾಗಾದರೆ ಆ ದಿನ ನಾನು ಯಾರ ಕೂದಲಿಗೆ ಎಣ್ಣೆ ಹಚ್ಚಿ ಹೆಣೆದೆ? ಬೆಳಗಿನಿಂದ ತಲೆ ಕೊಟ್ಟುಕೊಂಡು ನನ್ನ ಮೊಣಕಾಲ ನಡುವೆ ಕೂತಿದ್ದವಳು ಯಾರು? ಅವತ್ತು ಬಿಳಿಯರು ತಮ್ಮ ಗವರ್ನರನ್ನು ಆರಿಸಿ ಮುಗಿದಿತ್ತು, ನಮಗೂ ರಜೆ ಕೊಟ್ಟಿದ್ದರು, ಥೇಮ್ಸ್ ಬೀದಿಯ ತುದಿಯ ದೊಡ್ಡ ಮರದ ಕೆಳಗೆ ನಾವೂ ನಮ್ಮ ಜಗಳ, ಮದುವೆ ನೋಡಿಕೊಳ್ಳುವ ನಮ್ಮದೇ ಗವರ್ನರನ್ನು ಆರಿಸಿದೆವು. ಕಜೋ ದೊಡ್ಡಪ್ಪ ಗೆದ್ದ. ತನ್ನ ಯಜಮಾನನಿಂದ ತಂದ ಹಳೆಯ ಟೋಪಿ ಕಿವಿ ಮುಚ್ಚುವಷ್ಟು ದೊಡ್ಡದಿತ್ತು, ಕತ್ತಿ ಕಾಲಿಗೆ ಸಿಕ್ಕಿ ಎಡವಿದ, ಆದರೂ ಕುದುರೆ ಮೇಲೆ ಕೂತಾಗ ಏನು ಗತ್ತು. ಮೆರವಣಿಗೆ ಆದ ಮೇಲೆ ಅವನ ನ್ಯಾಯಸಭೆ ಕೂತಿತು. ಮೊದಲು ಕೋಳಿ ಕದ್ದವನಿಗೆ ಛೀಮಾರಿ. ಆಮೇಲೆ ನಿಮ್ಮ ಮದುವೆ.

ನಿನಗೆ ಮರೆತಿದ್ದರೆ ನಾನು ನೆನಪು ಮಾಡುತ್ತೇನೆ. ಅಣ್ಣ ಹಗ್ಗದ ಕಾರ್ಖಾನೆಯಲ್ಲಿ ತಾನೇ ಹೊಸೆದ ಸಣ್ಣ ಹುರಿ ತಂದಿದ್ದ, ಡಾಂಬರು ಮುಟ್ಟಿಸಿರಲಿಲ್ಲ, ನಿನ್ನ ಕೈ ಕಪ್ಪಾಗಬಾರದು ಅಂತ. ಕಜೋ ದೊಡ್ಡಪ್ಪ ಅದರಿಂದ ನಿಮ್ಮಿಬ್ಬರ ಮಣಿಕಟ್ಟು ಸೇರಿಸಿ ಕಟ್ಟಿ ಕೇಳಿದ, ಇವಳ ಹೊಟ್ಟೆ ಹಸಿದರೆ ನಿನ್ನ ಹೊಟ್ಟೆ ಹಸಿಯುತ್ತದೆಯೇ ಅಂತ. ಅಣ್ಣ ಹೂಂ ಅಂದ. ನೀನು ಹೂಂ ಅನ್ನುವುದಕ್ಕೆ ಎಷ್ಟು ಹೊತ್ತು ಮಾಡಿದೆ ಅಂದರೆ ಜನ ನಗತೊಡಗಿದರು. ಪಿಟೀಲು, ಡೋಲು, ಆ ಚಿಪ್ಪುಮೀನಿನ ಸಾರು, ಮೆಕ್ಕೆಜೋಳದ ರೊಟ್ಟಿ. ಅವ್ವ ಕುಣಿದಳು. ಅವ್ವ ಕುಣಿದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಅವತ್ತು ಸಂಜೆ ನಿನ್ನನ್ನು ಅತ್ತಿಗೆ ಅಂತ ಕರೆದರೆ ನೀನು ನಾಚಿಕೊಂಡು ನನ್ನ ಬೆನ್ನಿಗೆ ಗುದ್ದಿದೆ.

ಆ ಮದುವೆಗಾಗಿಯೇ ಅಲ್ಲವೇ ಅಣ್ಣ ಹೋದದ್ದು? ನಿನ್ನನ್ನು ಇಪ್ಸ್‌ವಿಚ್ಚಿಗೆ ಕರೆದೊಯ್ದ ಮೇಲೆ ಹೇಳದೆ ಕೇಳದೆ ಎರಡು ಸಲ ಅಲ್ಲಿಗೆ ನಡೆದು ಹೋದ. ಎರಡು ಸಲವೂ ಹಿಡಿದು ತಂದು ಚಾವಟಿಯಲ್ಲಿ ಹೊಡೆದರು. ಮೂರನೇ ಸಲ ಹೋಗಬೇಡ ಅಂತ ನಾನು ಕಾಲಿಗೆ ಬಿದ್ದೆ. ಮಗುವಿಗೆ ಜ್ವರ ಅಂತ ನೀನು ಹೇಳಿಕಳಿಸಿದ್ದೆ, ಅವನು ನಿಲ್ಲುತ್ತಾನೆಯೇ. ಆ ಸಲ ಹೊಡೆಯಲಿಲ್ಲ, ಮಾರಿಬಿಟ್ಟರು. ನಿನ್ನ ಮೇಲೆ ನನಗಿದ್ದ ಸಿಟ್ಟು ಏಳು ವರ್ಷವಾದರೂ ತಣ್ಣಗಾಗಿಲ್ಲ ಅಂತ ಈ ಕಾಗದ ಬರೆಯುವಾಗ ತಿಳಿಯಿತು. ಜ್ವರ ಬಂದದ್ದು ಮಗುವಿನ ತಪ್ಪಲ್ಲ, ನಿನ್ನ ತಪ್ಪೂ ಅಲ್ಲ, ಅದೂ ಗೊತ್ತು. ಗೊತ್ತಿದ್ದರೆ ಸಿಟ್ಟು ಹೋಗುತ್ತದೆಯೇ?

ಅವ್ವನಿಗೆ ನಿನ್ನ ಕಾಗದ ಓದಿ ಹೇಳಿಲ್ಲ. ಅವಳು ಏನು ಮಾಡುತ್ತಾಳೆ ಗೊತ್ತೇ? ದ್ವೀಪದಿಂದ ಕಾಕಂಬಿ ಹಡಗು ಬಂದರೆ ಸಾಕು, ಕೋಲು ಊರಿಕೊಂಡು ಬಂದರಿಗೆ ಹೋಗುತ್ತಾಳೆ. ಇಳಿದವರನ್ನೆಲ್ಲ ನಿಲ್ಲಿಸಿ, "ಕ್ವಾಕು ಅಂತ, ಹಗ್ಗ ಹೊಸೀತಾನೆ, ಎಡಗಿವಿ ತುದಿ ಹರಿದಿದೆ, ಕಂಡ್ರೇನಪ್ಪಾ?" ಅಂತ ಕೇಳುತ್ತಾಳೆ. ಹೆಂಡತಿ ಮಗು ಇರುವವನು, ಬಂದೇ ಬರುತ್ತಾನೆ ಅನ್ನುತ್ತಾಳೆ. ಅವಳ ಮುಂದೆ ನಿಂತು ಹೆಂಡತಿಯೂ ಇಲ್ಲ, ಮಗುವೂ ಇಲ್ಲ ಅನ್ನಲೇ? ನನ್ನಿಂದ ಆಗುವುದಿಲ್ಲ.

ಫಿಬಾ


ಇಪ್ಸ್‌ವಿಚ್
ಮಾರ್ಚ್ 19, 1773

ಫಿಬಾ,

ನೀನು ಬರೆದದ್ದರಲ್ಲಿ ಒಂದು ತಪ್ಪಿದೆ. ಹೂಂ ಅನ್ನುವುದಕ್ಕೆ ನಾನು ಹೊತ್ತು ಮಾಡಿದ್ದು ನಾಚಿಕೆಯಿಂದ ಅಲ್ಲ. ನಿಮ್ಮಣ್ಣ ಹುರಿಯ ಕೆಳಗೆ ನನ್ನ ಅಂಗೈಗೆ ಕಚಗುಳಿ ಇಡುತ್ತಿದ್ದ. ಬಾಯಿ ಬಿಟ್ಟರೆ ನಗು ಬಂದುಬಿಡುತ್ತದೆ ಅಂತ ತುಟಿ ಕಚ್ಚಿಕೊಂಡು ನಿಂತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಮಿಂಬಾಗೂ ಹೇಳಿರಲಿಲ್ಲ.

ನಿನ್ನ ಕಾಗದ ಓದಿ ನನಗೆ ಬೇಜಾರಾಗಲಿಲ್ಲ. ಆ ದಿನವನ್ನು ನನ್ನ ಹಾಗೇ ನೆನಪಿಟ್ಟುಕೊಂಡವಳು ಇನ್ನೊಬ್ಬಳಿದ್ದಾಳಲ್ಲ ಅಂತ ಸಮಾಧಾನವಾಯಿತು. ಇಲ್ಲಿ ನಾನು ಆ ಮಾತನ್ನು ಯಾರ ಹತ್ತಿರ ಆಡಲಿ? ಚಳಿಗಾಲವೆಲ್ಲ ನೂಲುತ್ತಾ ಕೂತಾಗ ಒಬ್ಬಳೇ ಆ ಸಾರಿನ ರುಚಿ ನೆನೆಸಿಕೊಳ್ಳುತ್ತೇನೆ. ಅಂಥ ಚಿಪ್ಪುಮೀನು ಇಲ್ಲಿಯೂ ಸಿಗುತ್ತದೆ, ಹಾಗೆ ಕುದಿಸುವುದು ಇವರಿಗೆ ಬರುವುದಿಲ್ಲ.

ಕಳೆದ ವಾರ ಕೋರ್ಟಿನಲ್ಲಿ ನನ್ನನ್ನೇ ನಿಲ್ಲಿಸಿ ಕೇಳಿದರು. ನಿನಗೆ ಗಂಡನಿದ್ದಾನೆಯೇ ಅಂದರು. ಇಲ್ಲ ಅಂದೆ. ಸಲೀಸಾಗಿ ಬಂತು ಮಾತು, ಅದಕ್ಕೇ ಹೆದರಿಕೆಯಾಯಿತು. ಮನೆಗೆ ಬಂದು ಪಾತ್ರೆ ತೊಳೆಯುತ್ತಿದ್ದಾಗ ಕೈ ಜಾರಿ ಪಿಂಗಾಣಿ ಬಟ್ಟಲು ಒಡೆಯಿತು. ಇಲ್ಲಿಯ ಅಮ್ಮಾವ್ರು ಮುಖ ಬಿಗಿದುಕೊಂಡು, ಇನ್ನೂ ನಮ್ಮ ಅನ್ನ ತಿನ್ನುತ್ತಲೇ ನಮ್ಮ ಮೇಲೆ ದಾವೆ ಹೂಡಿದವಳಿಗೆ ಬಟ್ಟಲು ಯಾವ ಲೆಕ್ಕ ಅಂದರು. ಅನ್ನ ಬೇಯಿಸುವವಳು ನಾನೇ ಅಂತ ಹೇಳಬೇಕು ಅನ್ನಿಸಿತು, ಬಗ್ಗಿ ಚೂರು ಆರಿಸಿದೆ.

ನನ್ನ ಮಾತೊಂದೇ ಸಾಲದು ಅಂದರು. ಮೇ ತಿಂಗಳಿಗೆ ಮುಂದೂಡಿದ್ದಾರೆ. ಅಷ್ಟರೊಳಗೆ ಗಂಡನ ಕಡೆಯ ಹೇಳಿಕೆ ಬರದಿದ್ದರೆ ಮುಗಿಯಿತು. ಮೇ ಕೊನೆಗೆ ಆ ನಾದಿನಿಯ ಮದುವೆ. ಮಿಂಬಾಗೆ ಒಂದು ಪೆಟ್ಟಿಗೆ ಕೊಟ್ಟಿದ್ದಾರೆ, ಬಟ್ಟೆ ತುಂಬಿಕೊಳ್ಳಲಿ ಅಂತ. ಹುಡುಗಿಗೆ ಪೆಟ್ಟಿಗೆ ಸಿಕ್ಕಿದ ಖುಷಿ. ಅದರೊಳಗೆ ತಾನೇ ಕೂತು ಮುಚ್ಚಳ ಹಾಕಿಕೊಂಡು ನನ್ನನ್ನು ಹುಡುಕು ಅನ್ನುತ್ತಾಳೆ. ನಾನು ಹುಡುಕಿದ ಹಾಗೆ ಮಾಡುತ್ತೇನೆ.

ನಿನ್ನನ್ನು ಮತ್ತೆ ಕೇಳುವುದಿಲ್ಲ. ಅವ್ವನಿಗೆ ನೋವಾಗುವ ಕೆಲಸ ಮಾಡಬೇಡ. ಆದರೆ ಬರೆಯುವುದನ್ನು ಮಾತ್ರ ನಿಲ್ಲಿಸಬೇಡ. ಬೈದಾದರೂ ಬರೆ.

ಬೆನೆಬಾ


ನ್ಯೂಪೋರ್ಟ್
ಏಪ್ರಿಲ್ 24, 1773

ಬೆನೆಬಾ,

ಈ ಕಾಗದದ ಜೊತೆಗೇ ಕ್ವಾಶಿಯ ಕೈಯಲ್ಲಿ ಮೊಹರು ಹಾಕಿದ ಹೇಳಿಕೆ ಕಳಿಸಿದ್ದೇನೆ. ಅದನ್ನು ನೆಟ್ಟಗೆ ವಕೀಲನಿಗೆ ತಲುಪಿಸಬೇಕು ಅಂತ ಅವನ ಕಿವಿ ಹಿಂಡಿ ಹೇಳಿದ್ದೇನೆ. ಹೇಳಿಕೆ ನನ್ನದಲ್ಲ. ಅವ್ವನದು. ಹೇಗಾಯಿತು ಅಂತ ಹೇಳುತ್ತೇನೆ ಕೇಳು.

ನಿನ್ನ ಎರಡನೇ ಕಾಗದ ಬಂದ ಮೇಲೆ ನನಗೆ ತಡೆದುಕೊಳ್ಳಲಾಗಲಿಲ್ಲ. ಆ ಪೆಟ್ಟಿಗೆಯ ವಿಷಯ ಓದಿ ಹಿಟ್ಟು ಕಲಸುತ್ತಿದ್ದಲ್ಲೇ ಕೂತುಬಿಟ್ಟೆ. ಅವ್ವ ಕಂಡಳು, ಏನೇ ಅದು ಅಂದಳು. ಓದಿ ಹೇಳಿದೆ. ಕಚಗುಳಿ ಇಟ್ಟದ್ದನ್ನೂ ಓದಿದೆ. ಅದಕ್ಕೆ ಮಾತ್ರ ಒಂದಿಷ್ಟು ನಕ್ಕಳು, ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಪ್ರಾರ್ಥನೆ ಹೊತ್ತಿನಲ್ಲೂ ನನಗೆ ಅವನು ಹಾಗೇ ಮಾಡುತ್ತಿದ್ದ ಅಂದಳು. ಉಳಿದದ್ದನ್ನು ಕೇಳಿ ಎದ್ದು ಒಲೆಯ ಬೂದಿ ಬಾಚಿದಳು. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಅವಳು ಬೈದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಮೂರನೇ ದಿನ ಬೆಳಿಗ್ಗೆ ಒಳ್ಳೆಯ ತಲೆವಸ್ತ್ರ ತೆಗೆದುಕೊಡು ಅಂದಳು. ಎಲ್ಲಿಗೆ ಅಂದರೆ, "ಆ ನ್ಯಾಯಾಧೀಶರ ಮನೇಗೆ ಕರ್ಕೊಂಡು ಹೋಗು. ನೀನು ತಂಗಿ, ನಿನ್ನ ಮಾತು ಯಾಕೆ. ಹೆತ್ತೋಳು ನಾನಿದೀನಿ," ಅಂದಳು. ನಾನು ಹೇಳುತ್ತೇನೆ ಬಿಡವ್ವ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಬೆಳೆಯುವ ಹುಡುಗಿ ನೀನು, ನಾಳೆ ಅವನು ಬಂದರೆ ಅವನ ಮುಖ ನೋಡಬೇಕು, ಸುಳ್ಳಿನ ಪಾಪ ಮುದುಕಿಗಿರಲಿ ಅಂದಳು. ನಾನು ಬೆಳೆಯುವ ಹುಡುಗಿಯಂತೆ, ಹಲ್ಲು ಬೀಳಲು ಶುರುವಾಗಿದೆ ನನಗೆ.

ನ್ಯಾಯಾಧೀಶರು ಮನೆಯ ಮುಂದಿನ ಕೋಣೆಯಲ್ಲಿ ಕೂತಿದ್ದರು. ಗುಮಾಸ್ತ ಬರೆದುಕೊಳ್ಳಲು ಕೂತ. ಅವ್ವನಿಗೆ ಕುರ್ಚಿ ಕೊಡಲಿಲ್ಲ, ಅವಳು ಕೋಲಿಗೆ ಭಾರ ಹಾಕಿ ನಿಂತಳು. ಬೈಬಲ್ಲಿನ ಮೇಲೆ ಕೈ ಇಡಿಸಿದರು. ನಿನ್ನ ಮಗ ಕ್ವಾಕುವಿಗೂ ಬೆನೆಬಾ ಅನ್ನುವ ಈ ಹೆಂಗಸಿಗೂ ಮದುವೆಯಾಗಿತ್ತೇ ಅಂತ ಕೇಳಿದರು. ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ.

"ನಮ್ಗೆಲ್ಲಿ ಮದ್ವೆ ದೊರೆ? ನನ್ ಗಂಡನ್ನ ಮಾರಿದ ದಿನ ನಾನು ಅವನ ಹೆಂಡ್ತಿ ಅಂತ ಕಾಲು ಹಿಡ್ಕೊಂಡೆ. ಆಳುಗಳಿಗೆ ಮದ್ವೆ ಇಲ್ಲ ಅಂದ್ರು. ನನ್ ಮಗನ್ನ ಮಾರೋವಾಗ ಹೆಂಡ್ತಿ ಮಗು ಇದೆ ಅವನಿಗೆ ಅಂದೆ. ಅವಾಗ್ಲೂ ಅದೇ ಮಾತು. ಮಾರೋವಾಗ ಇಲ್ದೆ ಇದ್ದ ಮದ್ವೆ ಇವತ್ತು ಎಲ್ಲಿಂದ ಬಂತು? ನೀವು ಹೇಳಿಕೊಟ್ಟ ಪಾಠಾನೇ ಒಪ್ಪಿಸ್ತಿದೀನಿ. ಮದ್ವೆ ಆಗಿರ್ಲಿಲ್ಲ."

ಗುಮಾಸ್ತ ಲೇಖನಿ ಎತ್ತಿ ನ್ಯಾಯಾಧೀಶರ ಮುಖ ನೋಡಿದ, ಇಷ್ಟೂ ಬರೆಯಬೇಕೇ ಅಂತ. ಬರೆ ಅಂದರು ಅವರು. ಆಮೇಲೆ ಮಗುವಿನ ವಿಷಯ ಕೇಳಿದರು. ಅವ್ವ ಹೇಳಿದಳು: "ಆ ಮಗು ನನಗೆ ಏನೂ ಆಗ್ಬೇಕಾಗಿಲ್ಲ." ಕೆಳಗೆ ಅಡ್ಡಗೆರೆ ಎಳೆದು ಗುರುತು ಹಾಕಿದಳು.

ದಾರಿಯಲ್ಲಿ ಬಂದರಿನ ಕಡೆಯಿಂದ ಬೇಡ, ಮೇಲಿನ ಬೀದಿಯಿಂದ ಹೋಗೋಣ ಅಂದಳು. ಮೊನ್ನೆ ಒಂದು ಕಾಕಂಬಿ ಹಡಗು ಬಂತು, ಪೀಪಾಯಿ ಉರುಳಿಸುವ ಸದ್ದು ನಮ್ಮ ಕೋಣೆಗೇ ಕೇಳುತ್ತಿತ್ತು. ಅವ್ವ ಏಳಲಿಲ್ಲ. ಹೋಗಲ್ವಾ ಅಂದೆ. ಯಾರನ್ನ ಅಂತ ಕೇಳಲಿ, ಅವನಿಗೆ ಯಾರಿದ್ದಾರೆ ಅಂತ ಬರುತ್ತಾನೆ, ಅಂದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಆವತ್ತಿನಿಂದ ಹೋಗಿಲ್ಲ.

ನೀನು ಗೆಲ್ಲಬೇಕು ಬೆನೆಬಾ. ಗೆಲ್ಲದಿದ್ದರೆ ನಮ್ಮವ್ವ ಆಡಿದ ಈ ಮಾತಿಗೆ ಅರ್ಥವೇ ಇಲ್ಲ.

ಫಿಬಾ


ಇಪ್ಸ್‌ವಿಚ್
ಮೇ 27, 1773

ಫಿಬಾ,

ಗೆದ್ದೆ.

ಬೆಳಗಿನ ಬಿಸಿಲು ಚೆನ್ನಾಗಿದೆ, ಸಾಕ್ಷಿ ಹೇಳಲು ಬಂದ ನನ್ನ ದೊಡ್ಡಮ್ಮ ಬುಟ್ಟಿ ಹೆಣೆಯುತ್ತಾ ಊರಾಚೆ ಹಾಕಿಕೊಂಡಿರುವ ಗುಡಿಸಲ ಮುಂದೆ ಕೂತು ಬರೆಯುತ್ತಿದ್ದೇನೆ. ಯಾರೂ ಕೂಗುತ್ತಿಲ್ಲ. ಯಾರಾದರೂ ಕೂಗುತ್ತಾರೆ ಅಂತ ಕಿವಿ ಮಾತ್ರ ಇನ್ನೂ ಕಾಯುತ್ತಿದೆ.

ಅವ್ವನ ಹೇಳಿಕೆಯನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದರು. ಮಾರುವಾಗ ಇಲ್ಲದೆ ಇದ್ದ ಮದುವೆ ಇವತ್ತು ಎಲ್ಲಿಂದ ಬಂತು ಅನ್ನುವ ಮಾತಿಗೆ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಒಬ್ಬರೂ ನಗಲಿಲ್ಲ. ಯಜಮಾನನ ವಕೀಲ ಎದ್ದುನಿಂತು ಏನೋ ಹೇಳಲು ಹೋದ, ಕೂತುಕೊಂಡ. ಮದುವೆ ಅಂದರೆ ಅವನ ಕಡೆಯ ಹ್ಯಾಲಕ್ ಮನೆಯವರು ನನ್ನ ಗಂಡನನ್ನು ಮಾರಿದ್ದೇ ತಪ್ಪಾಗುತ್ತದೆ, ಮದುವೆ ಅಲ್ಲ ಅಂದರೆ ನನ್ನನ್ನು ತಡೆಯುವ ಹಾಗಿಲ್ಲ. ಜ್ಯೂರಿಯವರು ಒಳಗೆ ಹೋಗಿ ಬೇಗ ಬಂದರು. ಈ ದಾವೆ ನಡೆಯಬಹುದು, ತಾಯಿ ಸ್ವತಂತ್ರಳು, ಆದ್ದರಿಂದ ಮದುವೆಯಾಗದ ಹೆಂಗಸು ಬೆನೆಬಾ ಸ್ವತಂತ್ರಳು, ಅವಳ ಮಗಳೂ ಸ್ವತಂತ್ರಳು ಅಂದರು. ಮದುವೆಯಾಗದ ಹೆಂಗಸು ಬೆನೆಬಾ. ಕಾಗದದಲ್ಲಿ ಇನ್ನು ನನ್ನ ಹೆಸರು ಅದು.

ಆ ಪೆಟ್ಟಿಗೆ ಬಿಟ್ಟು ಬಾ ಅಂದರೆ ಮಿಂಬಾ ಅತ್ತಳು. ಬಿಟ್ಟು ಬಂದೆವು.

ನಾನು ಒಂದು ದೊಡ್ಡ ತಪ್ಪು ಲೆಕ್ಕ ಹಾಕಿದ್ದೆ. ಅವಳನ್ನು ಕೋರ್ಟಿಗೆ ಕರೆದೊಯ್ಯಬಾರದಿತ್ತು. ಹಿಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಇಲ್ಲಿಗೆ ಬಂದು ಗಂಜಿ ಕುಡಿಯುವಾಗ ಕೇಳಿದಳು, "ಅಮ್ಮಾ, ಅಜ್ಜಿಗೆ ನಾನು ಬೇಡ್ವಾ?" ನೀನು ಬೇಕಾಗಿದ್ದಕ್ಕೇ ಬೇಡ ಅಂದಳು ಅಂದೆ. ಹಾಗಂದ್ರೆ ಏನು ಅಂದಳು. ಒಂಬತ್ತು ವರ್ಷದವಳಿಗೆ ಅದನ್ನು ತಿಳಿಸಿ ಹೇಳುವಷ್ಟು ಬುದ್ಧಿ ನನಗಿಲ್ಲ ಫಿಬಾ. ಇಷ್ಟು ವರ್ಷ ಅವಳಿಗೆ ನ್ಯೂಪೋರ್ಟಿನ ಕಥೆ ಹೇಳಿಯೇ ಮಲಗಿಸುತ್ತಿದ್ದೆ. ಅಜ್ಜಿ ಹೀಗೆ, ಅತ್ತೆ ಹೀಗೆ, ಮರ ಹೀಗೆ ಅಂತ. ಈಗ ಕಥೆ ಶುರು ಮಾಡಿದರೆ ಮಗ್ಗುಲು ತಿರುಗಿ ಮಲಗುತ್ತಾಳೆ.

ನ್ಯೂಪೋರ್ಟಿಗೆ ಬಾ ಅಂತ ಕ್ವಾಶಿ ಹೇಳುತ್ತಾನೆ, ಹಡಗಿನಲ್ಲಿ ಜಾಗ ಕೊಡಿಸುತ್ತೇನೆ ಅನ್ನುತ್ತಾನೆ. ಮುಂದಿನ ತಿಂಗಳು ನಮ್ಮ ಚುನಾವಣೆಯ ದಿನ. ನೆನೆಸಿಕೊಂಡರೆ ಕಾಲು ಓಡುತ್ತದೆ. ಆದರೆ ಆ ಮರದ ಕೆಳಗೆ ನನ್ನ ಮದುವೆಯ ಊಟ ಮಾಡಿದವರು ಎಷ್ಟು ಜನ ಇರುತ್ತಾರೆ, ಅವರ ಮುಂದೆ ಹೇಗೆ ನಿಲ್ಲಲಿ? ಅವ್ವನ ಮುಂದೆ ಹೇಗೆ ನಿಲ್ಲಲಿ? ನಾನು ಬರುವುದಿಲ್ಲ. ಅವ್ವನಿಗೆ ನನ್ನ ನಮಸ್ಕಾರ ಹೇಳು, ತೆಗೆದುಕೊಂಡರೆ.

ಬೆನೆಬಾ


ನ್ಯೂಪೋರ್ಟ್
ಜೂನ್ 29, 1773

ಅತ್ತಿಗೆ,

ಬರುವುದಿಲ್ಲ ಅಂತ ಬರೆದೆಯಲ್ಲ, ಬರದೆ ಏನೇನು ಕಳೆದುಕೊಂಡೆ ಕೇಳು. ನಾನು ಯಾವತ್ತೂ ಇಷ್ಟು ಉದ್ದ ಬರೆದವಳಲ್ಲ, ಇವತ್ತು ಬಿಲ್ಲೆ ಸುಡದೆ ಕೂತಿದ್ದೇನೆ.

ಶನಿವಾರ ಚುನಾವಣೆ ಆಯಿತು. ಕಜೋ ದೊಡ್ಡಪ್ಪನೇ ಗೆದ್ದ, ಎದುರಿಗೆ ನಿಂತವನೇ ಇಲ್ಲ. ಮಂಡಿ ನೋವಂತೆ, ಕುದುರೆ ಹತ್ತುವುದಕ್ಕೆ ಮೂವರು ಎತ್ತಬೇಕಾಯಿತು. ಟೋಪಿ ಮಾತ್ರ ಈಗ ಸರಿಯಾಗಿ ಕೂರುತ್ತದೆ, ತಲೆ ದಪ್ಪವಾಯಿತೋ ಟೋಪಿ ಕುಗ್ಗಿತೋ ತಿಳಿಯದು. ಅವ್ವ ಬರುವುದಿಲ್ಲ ಅಂದುಕೊಂಡಿದ್ದೆ. ನನಗಿಂತ ಮೊದಲೇ ಎದ್ದು ತಯಾರಾಗಿದ್ದಳು.

ನ್ಯಾಯಸಭೆ ಕೂತಿತು. ಇಬ್ಬರು ಹುಡುಗರು ಕುಡಿದು ಹೊಡೆದಾಡಿದ ಜಗಳ ಮೊದಲು ಮುಗಿಯಿತು. ಇನ್ಯಾರದಾದರೂ ಇದೆಯೇ ಅಂದ ಕಜೋ ದೊಡ್ಡಪ್ಪ. ಅವ್ವ ಎದ್ದಳು. ನಾನು ಅವಳ ಲಂಗದ ಅಂಚು ಹಿಡಿದು ಎಳೆದೆ, ಕೊಡವಿಕೊಂಡು ಹೋದಳು. ಮರದ ಬುಡಕ್ಕೆ ಹೋಗಿ ಎಲ್ಲರಿಗೂ ಕೇಳುವ ಹಾಗೆ ತನ್ನ ಮೇಲೆ ತಾನೇ ದೂರು ಹೇಳಿದಳು. ಬೈಬಲ್ಲಿನ ಮೇಲೆ ಕೈ ಇಟ್ಟು ಸುಳ್ಳು ಹೇಳಿದ್ದೇನೆ, ಈ ಮರದ ಕೆಳಗೆ ಆದ ಮದುವೆಯನ್ನು ಆಗಿಲ್ಲ ಅಂದಿದ್ದೇನೆ, ಮೊಮ್ಮಗಳನ್ನು ಏನೂ ಅಲ್ಲ ಅಂದಿದ್ದೇನೆ, ಏನು ಶಿಕ್ಷೆ ಕೊಡುತ್ತೀಯೋ ಕೊಡು ಅಂದಳು.

ಪಿಟೀಲು ಸರಿಮಾಡಿಕೊಳ್ಳುತ್ತಿದ್ದವರೂ ನಿಲ್ಲಿಸಿಬಿಟ್ಟರು. ನಿನ್ನ ದಾವೆಯ ಸುದ್ದಿ ಇಲ್ಲಿ ಎಲ್ಲರಿಗೂ ಗೊತ್ತು, ಕ್ವಾಶಿ ಇರುವಾಗ ಯಾವ ಸುದ್ದಿ ನಿಲ್ಲುತ್ತದೆ. ಕಜೋ ದೊಡ್ಡಪ್ಪ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಅವ್ವನನ್ನು ಕೂರಿಸಿ ಅಂದ. ಅವಳಿಗೆ ಪೀಪಾಯಿಯ ಮೇಲೆ ಜಾಗ ಕೊಟ್ಟರು. ಆಮೇಲೆ ಅವ್ವನನ್ನು ಹೆಸರು ಹಿಡಿದು ಹೇಳಿದ, "ಅಲ್ಲಿ ಕೇಳಿದ್ದು ಬಿಳಿಯರ ಕಾನೂನಿನ ಮದುವೆ ವಿಷಯ, ಜುಬಾ. ಅಂಥ ಮದುವೆ ಆಗಿರ್ಲಿಲ್ಲ, ನೀನು ಹೇಳಿದ್ದು ಸರಿ. ಇಲ್ಲಿ ಇನ್ನೂ ಯಾರೂ ಕೇಳಿಲ್ಲ. ಈಗ ನಾನು ಕೇಳ್ತೀನಿ. ಬೆನೆಬಾ ನಿನಗೆ ಏನಾಗ್ಬೇಕು?"

ಅವ್ವ ಅಂದಳು, "ನನ್ ಸೊಸೆ. ಕ್ವಾಕು ಹೆಂಡ್ತಿ. ಮಿಂಬಾ ಅಂತ ಅವರ ಮಗಳು, ನನ್ ಮೊಮ್ಮಗಳು. ಅವಳನ್ನ ನಾನು ಕಣ್ಣಲ್ಲಿ ನೋಡಿಲ್ಲ."

ಇದನ್ನು ಮಿಂಬಾಗೆ ಓದಿ ಹೇಳು. ಎಷ್ಟು ಸಲ ಬೇಕಾದರೂ ಓದು. ನಾವು ಇನ್ನೂರು ಜನ ಕೇಳಿಸಿಕೊಂಡ ಮಾತು ಅಂತ ಹೇಳು.

ಕಜೋ ದೊಡ್ಡಪ್ಪ ಕೋಲು ಕುಟ್ಟಿ, ಮದುವೆ ಇದೆ, ಮುಂದಿನದು ಅಂದ. ಅಲ್ಲಿಗೆ ಮುಗಿಯಬೇಕಿತ್ತು. ಕುಣಿತಕ್ಕೆ ಜನ ಏಳುತ್ತಿದ್ದರು. ಅಷ್ಟರಲ್ಲಿ ಮೇಣದಬತ್ತಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು, ನೀನು ಬಲ್ಲೆಯೋ ಇಲ್ಲವೋ, ಮೂಲೆಯಿಂದ ಎದ್ದು ಬಂದಳು. ಜಗಳವೇನೂ ಇಲ್ಲ, ನನ್ನದೂ ಕೇಳು ಅಂದಳು. ನನ್ನ ಗಂಡನ ಹೆಸರು ಕ್ವಾಮಿನಾ, ವರ್ಜೀನಿಯಾಗೆ ಮಾರಿದರು, ಹೇಳಿ ಇಟ್ಟಿರುತ್ತೇನೆ ಅಂದಳು. ಕಜೋ ದೊಡ್ಡಪ್ಪ ಮಂಡಿಯ ಮೇಲಿದ್ದ ಟೋಪಿ ತೆಗೆದು ತಲೆಗಿಟ್ಟ. ಆಮೇಲೆ ಕೋಲು ಕುಟ್ಟಿ ಮದುವೆ ಇದೆ ಅಂದ. ಅವಳ ಹಿಂದೆ ಇನ್ನೊಬ್ಬಳು ನಿಂತಿದ್ದಳು. ಅವಳ ಹಿಂದೆ ಒಬ್ಬ ಮುದುಕ, ಅವನ ಹೆಂಡತಿಯನ್ನು ಮಾರಿ ಮೂವತ್ತು ವರ್ಷವಾಯಿತಂತೆ, ಅವಳ ಹೆಸರನ್ನು ಮೂರು ಸಲ ಶುರು ಮಾಡಿ ಕೊನೆಗೆ ಹೇಳಿದ. ಎಲ್ಲರೂ ಎದ್ದು ಬಂದರು ಅತ್ತಿಗೆ. ದೊಡ್ಡ ಮನೆಗಳ ಅಡುಗೆಯವರು, ಹಡಗಿನವರು, ಬಟ್ಟೆ ಒಗೆಯುವವರು. ಗಂಡ, ಹೆಂಡತಿ, ಎಲ್ಲಿಗೆ ಮಾರಿದರು, ಮಕ್ಕಳಿದ್ದರೆ ಮಕ್ಕಳ ಹೆಸರು. ಒಂದೊಂದಕ್ಕೂ ಕೋಲು ಕುಟ್ಟಿದ. ಸಾರು ಆರಿಹೋಯಿತು. ಕುಣಿತ ಅವತ್ತು ಶುರುವಾಗುವ ಹೊತ್ತಿಗೆ ನೆರಳು ಉದ್ದವಾಗಿತ್ತು, ಆದರೆ ಅಷ್ಟು ಕುಣಿದದ್ದನ್ನು ನಾನು ಕಂಡಿಲ್ಲ.

ನಿನ್ನೆ ಅವ್ವ ಬಂದರಿಗೆ ಹೋಗಿದ್ದಳು. ಇವತ್ತೂ ಹೋಗಿದ್ದಾಳೆ.

ಕ್ವಾಶಿಯ ಹಡಗು ಮುಂದಿನ ವಾರ ನಿಮ್ಮ ಕಡೆಯಿಂದ ಹೊರಡುತ್ತದೆ, ಮಿಂಬಾಳನ್ನು ಕರೆದುಕೊಂಡು ಹತ್ತು. ನೆಪ ಹೇಳಬೇಡ. ನಿನಗೆ ಹೇಳಬೇಕಾದದ್ದು ಇನ್ನೊಂದಿದೆ. ಆ ಸಾಲಿನಲ್ಲಿ ಕಟ್ಟಕಡೆಗೆ ನಾನೂ ಹೋಗಿ ನಿಂತೆ. ನನ್ನ ಗಂಡ ಅಂತ ಒಂದು ಹೆಸರು ಹೇಳಿದೆ. ಅವ್ವನಿಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿಲ್ಲ, ಅವನನ್ನು ಹಡಗಿಗೆ ಹತ್ತಿಸಿದ ದಿನ ನಾನು ಹ್ಯಾಲಕ್ ಮನೆಯಲ್ಲಿ ಬೆಳ್ಳಿ ಚಮಚ ಉಜ್ಜುತ್ತಾ ಕೂತಿದ್ದೆ, ಯಾರಿಗೂ ಹೇಳಲಿಲ್ಲ. ಕಜೋ ದೊಡ್ಡಪ್ಪ ಕೋಲು ಕುಟ್ಟಿದ. ಬಾ, ಯಾರು ಅಂತ ನಿನಗೆ ಕೂತು ಹೇಳಬೇಕು.

ನಿನ್ನ ನಾದಿನಿ,
ಫಿಬಾ